ವೈದ್ಯರಿಗೂ ಬೇಕು ಆಕಾಶ: ಸೇನೆಯ ಫ್ಲೈಟ್ ಸರ್ಜನ್‌ಗಳ ತರಬೇತಿ ಮತ್ತು ಹಾರಾಟ

ಯುದ್ಧವಿಮಾನದ ಪೈಲಟ್ ಇಂದು ಹಾರಬಹುದೇ, ಬೇಡವೇ ಎಂಬುದನ್ನು ತೀರ್ಮಾನಿಸುವಾಗ ಕಮಾಂಡರ್ ಮಾತಿನ ಜೊತೆಗೆ ಒಬ್ಬ ವೈದ್ಯರ ಮಾತಿಗೂ ತೂಕವಿರುತ್ತದೆ. ಅಮೆರಿಕದ ಸೇನೆ ಈ ವೈದ್ಯರನ್ನು ಫ್ಲೈಟ್ ಸರ್ಜನ್ ಎಂದು ಕರೆಯಿತು. ಆ ಹೆಸರು ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಇವರ ಕೆಲಸ ಶಸ್ತ್ರಚಿಕಿತ್ಸೆಯಲ್ಲ. ಹಾರುವವರ ಕಣ್ಣು, ಕಿವಿ, ಹೃದಯ, ಬೆನ್ನೆಲುಬು, ನಿದ್ದೆ, ಮನಸ್ಸು ಎಲ್ಲವನ್ನೂ ಕಾಯುವುದು ಇವರ ಹೊಣೆ. ಅಪಘಾತವಾದರೆ ತನಿಖೆಯಲ್ಲಿ ಕೂರುವವರು, ಹೊಸ ಹೆಲ್ಮೆಟ್ಟೋ ಆಮ್ಲಜನಕದ ಮುಖವಾಡವೋ ಬಂದರೆ ಅದು ಮನುಷ್ಯನ ಮೈಗೆ ಒಗ್ಗುತ್ತದೆಯೇ ಎಂದು ನೋಡುವವರು, ಹಿಮಶಿಖರದಲ್ಲಿ ಕುಸಿದ ಯೋಧನನ್ನು ಹೆಲಿಕಾಪ್ಟರಿನಲ್ಲಿ ಕೆಳಗಿಳಿಸುವಾಗ ಏನೇನು ಎಚ್ಚರ ಬೇಕೆಂದು ಹೇಳುವವರು ಎಲ್ಲರೂ ಈ ವಿದ್ಯೆಯವರೇ.

ಇಂಥ ವೈದ್ಯರಿಗೆ ಎಂಥ ತರಬೇತಿ ಬೇಕು? ಅವರು ಸ್ವತಃ ಹಾರಬೇಕೇ? ಹಾರುವುದಾದರೆ ಎಷ್ಟು, ಯಾವ ವಿಮಾನದಲ್ಲಿ, ಹಿಂದಿನ ಸೀಟಿನಲ್ಲೋ ಮುಂದಿನ ಸೀಟಿನಲ್ಲೋ? ಮೇಲ್ನೋಟಕ್ಕೆ ಇದು ಸೇನೆಯೊಳಗಿನ ಆಡಳಿತದ ಪ್ರಶ್ನೆ. ಆದರೆ ಭಾರತದ ವೈಮಾನಿಕ ವೈದ್ಯಕೀಯದ ಮುಖ್ಯ ಕೇಂದ್ರ ಬೆಂಗಳೂರಿನ ವಿಮಾನಪುರದಲ್ಲಿದೆ. ಹಾಗಾಗಿ ಈ ಪ್ರಶ್ನೆ ನಮಗೆ ದೂರದ್ದಲ್ಲ. ಹಾರಾಟ ಈ ವೈದ್ಯರಿಗೆ ಕೊಡುವ ಬಹುಮಾನವೂ ಅಲ್ಲ, ಮೋಜೂ ಅಲ್ಲ. ಅದು ಅವರ ವೃತ್ತಿಯ ಅಗತ್ಯ ಭಾಗ ಎಂಬುದು ಈ ಲೇಖನದ ನಿಲುವು. ಆ ನಿಲುವಿಗೆ ಆಧಾರಗಳನ್ನೂ, ಎದುರು ನಿಲ್ಲುವ ವಾದಗಳನ್ನೂ ಒಟ್ಟಿಗೆ ಇಟ್ಟು ನೋಡೋಣ.

ನೆಲದ ಅರಿವು ಆಕಾಶಕ್ಕೆ ತಲುಪದಿದ್ದಾಗ

ವೈದ್ಯರು ಆಕಾಶಕ್ಕೇರಿದ್ದು ವಿಮಾನ ಹುಟ್ಟುವುದಕ್ಕಿಂತ ಬಹಳ ಮೊದಲು. 1785ರ ಜನವರಿ 7ರಂದು ಫ್ರಾನ್ಸಿನ ಬ್ಲಾಂಷಾರ್ ಬಲೂನಿನಲ್ಲಿ ಇಂಗ್ಲಿಷ್ ಕಾಲುವೆ ದಾಟಿದಾಗ ಜೊತೆಗಿದ್ದವರು ಬಾಸ್ಟನ್ನಿನ ವೈದ್ಯ ಜಾನ್ ಜೆಫ್ರೀಸ್. ಮುಂದಿನ ಶತಮಾನದಲ್ಲಿ ಬಲೂನುಗಳು ಇನ್ನೂ ಎತ್ತರಕ್ಕೆ ಹೋದವು. ಅದರ ಜೊತೆಗೇ ಸಾವೂ ಬಂತು.

1875ರ ಏಪ್ರಿಲ್‌ನಲ್ಲಿ ಫ್ರಾನ್ಸಿನಲ್ಲಿ ‘ಜೆನಿತ್’ ಎಂಬ ಬಲೂನು ಮೂವರನ್ನು ಹೊತ್ತು ಏರಿತು. ಶರೀರವಿಜ್ಞಾನಿ ಪಾಲ್ ಬರ್ಟ್ ತಮ್ಮ ಪ್ರಯೋಗಾಲಯದ ಕಡಿಮೆ ಒತ್ತಡದ ಕೋಣೆಯಲ್ಲಿ ಈ ಯಾತ್ರಿಕರಿಗೆ ಆಮ್ಲಜನಕದ ಬೆಲೆಯನ್ನು ತೋರಿಸಿಕೊಟ್ಟಿದ್ದರು. ಒಯ್ಯುತ್ತಿರುವ ಆಮ್ಲಜನಕ ಸಾಲದು ಎಂದು ಅವರು ಎಚ್ಚರಿಸಿ ಬರೆದ ಕಾಗದ ತಡವಾಗಿ ತಲುಪಿತು. ಸುಮಾರು 8,000 ಮೀಟರ್ ಎತ್ತರದಲ್ಲಿ ಮೂವರೂ ಪ್ರಜ್ಞೆ ತಪ್ಪಿದರು. ಕ್ರೋಸೆ-ಸ್ಪಿನೆಲ್ಲಿ ಮತ್ತು ಸಿವೆಲ್ ಸತ್ತರು, ಟಿಸಾಂದಿಯೆ ಮಾತ್ರ ಬದುಕಿ ಬಂದರು. ಆಮ್ಲಜನಕದ ಕೊಳವೆ ಕೈಗೆಟುಕುವಷ್ಟು ಹತ್ತಿರವಿದ್ದರೂ ಅದನ್ನು ಬಾಯಿಗಿಡುವ ಶಕ್ತಿಯೂ ಇಚ್ಛೆಯೂ ಉಳಿಯದ ಸ್ಥಿತಿಯನ್ನು ಅವರು ಲೋಕಕ್ಕೆ ತಿಳಿಸಿದರು. 1878ರಲ್ಲಿ ಬರ್ಟ್ ಹೊರತಂದ ವಾಯುಭಾರದ ಕುರಿತ ಬೃಹತ್ ಗ್ರಂಥ ಈ ವಿದ್ಯೆಗೆ ತಳಹದಿಯಾಯಿತು.

ಸೇನೆಯಲ್ಲಿ ಇದು ಪ್ರತ್ಯೇಕ ವೃತ್ತಿಯಾಗಿ ನಿಂತದ್ದು ಮೊದಲ ಮಹಾಯುದ್ಧದಲ್ಲಿ. ಅಮೆರಿಕದ ಸೇನಾವೈದ್ಯ ಥಿಯೋಡೋರ್ ಲಿಸ್ಟರ್ 1917ರಲ್ಲಿ ವಾಯುದಳದ ಮುಖ್ಯ ವೈದ್ಯರಾದರು. 1918ರಲ್ಲಿ ನ್ಯೂಯಾರ್ಕಿನ ಮಿನಿಯೋಲಾ ಬಳಿಯ ಹೇಝಲ್‌ಹರ್ಸ್ಟ್ ಮೈದಾನದಲ್ಲಿ ವೈದ್ಯಕೀಯ ಸಂಶೋಧನಾಲಯ ತೆರೆಯಿತು. ಅದೇ ವರ್ಷ ಅಲ್ಲಿ ತರಬೇತಾದ ಮೊದಲ ಫ್ಲೈಟ್ ಸರ್ಜನ್‌ಗಳು ಹಾರಾಟದ ಶಿಬಿರಗಳಿಗೆ ಹೊರಟರು. ಪೈಲಟ್‌ಗಳನ್ನು ದೂರದ ಆಸ್ಪತ್ರೆಯಲ್ಲಿ ಕೂತು ಪರೀಕ್ಷಿಸಿದರೆ ಸಾಲದು, ಅವರ ನಡುವೆ ಇದ್ದು ನೋಡಬೇಕು ಎಂಬುದು ಆ ಏರ್ಪಾಡಿನ ತಿರುಳು.

ಎರಡನೆಯ ಮಹಾಯುದ್ಧ ಈ ತಿಳಿವನ್ನು ಇನ್ನೊಂದು ಹೆಜ್ಜೆ ಮುಂದಕ್ಕೊಯ್ದಿತು. ಬ್ರಿಟನ್ನಿನ ರಾಯಲ್ ಏರ್‌ಫೋರ್ಸಿನ ವೈದ್ಯ ರೋಲಂಡ್ ವಿನ್‌ಫೀಲ್ಡ್ ಬಾಂಬರ್‌ಗಳಲ್ಲಿ ನೂರಕ್ಕೂ ಹೆಚ್ಚು ಬಾರಿ ಕಾರ್ಯಾಚರಣೆಗೆ ಹೋದರು. ರಾತ್ರಿಯಿಡೀ ಹಾರುವವರ ದಣಿವು, ಚಳಿ, ಭಯ, ನಿದ್ದೆ ತಡೆಯಲು ಕೊಡುತ್ತಿದ್ದ ಮಾತ್ರೆಗಳ ಪರಿಣಾಮ ಎಲ್ಲವನ್ನೂ ಅವರು ಶತ್ರುವಿನ ನೆಲದ ಮೇಲೆಯೇ ಗಮನಿಸಿದರು. ಅಮೆರಿಕದ ಎಂಟನೆಯ ವಾಯುಪಡೆಯ ವೈದ್ಯ ಮಾಲ್ಕಮ್ ಗ್ರೋ ಬಾಂಬರ್ ಸಿಬ್ಬಂದಿಗೆ ತಗಲುತ್ತಿದ್ದ ಗಾಯಗಳನ್ನು ಅಭ್ಯಾಸ ಮಾಡಿ, ಸಿಡಿಗುಂಡಿನ ಚೂರುಗಳಿಂದ ಎದೆಯನ್ನು ಕಾಯುವ ಉಕ್ಕಿನ ಕವಚ ರೂಪಿಸಿದರು.

ಯುದ್ಧದ ನಂತರ ಇದೇ ಪರಂಪರೆ ಪ್ರಯೋಗಾಲಯಕ್ಕೂ ಬಂತು. ಫ್ಲೈಟ್ ಸರ್ಜನ್ ಜಾನ್ ಪಾಲ್ ಸ್ಟ್ಯಾಪ್ ರಾಕೆಟ್ ಜಾರುಬಂಡಿಯಲ್ಲಿ ತಾವೇ ಕುಳಿತರು. 1954ರ ಡಿಸೆಂಬರ್ 10ರಂದು ನ್ಯೂ ಮೆಕ್ಸಿಕೋದಲ್ಲಿ ಗಂಟೆಗೆ 632 ಮೈಲಿ ವೇಗ ತಲುಪಿ, 1.4 ಸೆಕೆಂಡಿನಲ್ಲಿ ನಿಂತರು. ಅವರ ದೇಹ ಗುರುತ್ವದ 46 ಪಟ್ಟು ಬಲವನ್ನು ತಾಳಿತು. ವಿಮಾನದಿಂದ ಹೊರಚಿಮ್ಮುವ ಪೈಲಟ್ ಬದುಕಬಲ್ಲನೇ ಎಂಬ ಪ್ರಶ್ನೆಗೆ ಅವರ ಶರೀರವೇ ಉತ್ತರವಾಯಿತು. ಇಂದು ಕಾರಿನಲ್ಲಿ ನಾವು ಕಟ್ಟಿಕೊಳ್ಳುವ ಸೀಟ್ ಬೆಲ್ಟಿನ ಹಿಂದೆ ಕೂಡ ಸ್ಟ್ಯಾಪ್ ಅವರ ಶ್ರಮವಿದೆ. ಇನ್ನೊಬ್ಬ ಸೇನಾವೈದ್ಯ ಡೇವಿಡ್ ಸೈಮನ್ಸ್ 1957ರ ಆಗಸ್ಟ್‌ನಲ್ಲಿ ಬಲೂನಿನ ಗೂಡಿನಲ್ಲಿ ಒಂದು ಲಕ್ಷ ಅಡಿಗೂ ಮೇಲೇರಿ, ಒಂದು ದಿನಕ್ಕೂ ಹೆಚ್ಚು ಕಾಲ ಇದ್ದು ಇಳಿದರು.

ಈ ಚರಿತ್ರೆಯ ಉದ್ದಕ್ಕೂ ಕಾಣುವ ಮಾತು ಒಂದೇ. ಅನುಭವಿಸಿ ನೋಡಿದ ವೈದ್ಯರಿದ್ದಲ್ಲಿ ವಿದ್ಯೆ ಬೆಳೆದಿದೆ, ಪ್ರಾಣಗಳು ಉಳಿದಿವೆ.

ಮೇಲೆ ಹೋದ ದೇಹಕ್ಕೆ ಏನಾಗುತ್ತದೆ

ಹಾರಾಟವೇಕೆ ಬೇಕು ಎಂಬುದು ಅರ್ಥವಾಗಬೇಕಾದರೆ ಕಾಕ್‌ಪಿಟ್ಟಿನಲ್ಲಿ ದೇಹಕ್ಕೆ ಆಗುವುದನ್ನು ತಿಳಿಯಬೇಕು. ಮೊದಲನೆಯದು ಆಮ್ಲಜನಕದ ಕೊರತೆ. ಮುಖವಾಡವಿಲ್ಲದೆ 25,000 ಅಡಿ ಎತ್ತರದಲ್ಲಿ ಬುದ್ಧಿ ಸರಿಯಾಗಿ ಕೆಲಸ ಮಾಡುವುದು ಸುಮಾರು ಮೂರರಿಂದ ಐದು ನಿಮಿಷ. 35,000 ಅಡಿಯಲ್ಲಿ ಅದು ಒಂದು ನಿಮಿಷದೊಳಗೆ ಮುಗಿಯುತ್ತದೆ. ಈ ಕೊರತೆ ನೋವು ಕೊಡುವುದಿಲ್ಲ. ಎಷ್ಟೋ ಸಲ ಹಿತವಾದ ಅಮಲು ತರುತ್ತದೆ. ಒಬ್ಬರಿಗೆ ಬೆರಳ ತುದಿ ಜುಮ್ಮೆಂದರೆ ಇನ್ನೊಬ್ಬರಿಗೆ ಕಣ್ಣು ಮಂಜಾಗುತ್ತದೆ, ಮತ್ತೊಬ್ಬರಿಗೆ ಕಾರಣವಿಲ್ಲದೆ ನಗು ಬರುತ್ತದೆ. ಪ್ರತಿಯೊಬ್ಬರೂ ತಮ್ಮ ಲಕ್ಷಣವನ್ನು ತಾವೇ ಗುರುತು ಹಿಡಿದಿರಬೇಕು. ಅದಕ್ಕಾಗಿಯೇ ವಾಯುಭಾರ ಇಳಿಸುವ ಕೋಣೆಗಳಲ್ಲಿ ತರಬೇತಿ ನಡೆಯುತ್ತದೆ.

ಎರಡನೆಯದು ಜಿ ಬಲ. ಯುದ್ಧವಿಮಾನ ಬಿರುಸಾಗಿ ತಿರುಗಿದಾಗ ಪೈಲಟ್‌ನ ತೂಕ ಹಲವು ಪಟ್ಟು ಹೆಚ್ಚುತ್ತದೆ. 9 ಜಿ ಎಂದರೆ 70 ಕಿಲೋ ತೂಕದ ಮನುಷ್ಯ 630 ಕಿಲೋ ಭಾರವಾದಂತೆ. ರಕ್ತ ತಲೆಯಿಂದ ಕಾಲಿನ ಕಡೆಗೆ ಜಗ್ಗುತ್ತದೆ. ಮೊದಲು ಬಣ್ಣಗಳು ಮಾಸುತ್ತವೆ, ನೋಟ ಕಿರಿದಾಗುತ್ತದೆ, ಆಮೇಲೆ ಕತ್ತಲೆ, ಕೊನೆಗೆ ಪ್ರಜ್ಞೆ ಹೋಗುತ್ತದೆ. ಕಾಲು ಮತ್ತು ಹೊಟ್ಟೆಯನ್ನು ಬಿಗಿಯುವ ಜಿ-ಸೂಟ್ ಸ್ವಲ್ಪ ನೆರವಾಗುತ್ತದೆ. ಉಳಿದದ್ದು ಸ್ನಾಯುಗಳನ್ನು ಬಿಗಿದು, ಲೆಕ್ಕಹಾಕಿ ಉಸಿರು ಹಿಡಿದು ಬಿಡುವ ಪೈಲಟ್‌ನ ಸ್ವಂತ ಪ್ರಯತ್ನ. ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೆ, ನೀರು ಕುಡಿದಿರದಿದ್ದರೆ, ಜ್ವರದಿಂದ ಆಗಷ್ಟೇ ಎದ್ದಿದ್ದರೆ ಈ ತಾಳಿಕೆ ಕುಸಿಯುತ್ತದೆ.

ಮೂರನೆಯದು ದಿಕ್ಕುತಪ್ಪುವಿಕೆ. ಮೋಡದೊಳಗೋ ಕತ್ತಲಲ್ಲೋ ಒಳಗಿವಿ ಸುಳ್ಳು ಹೇಳುತ್ತದೆ. ವಿಮಾನ ಓರೆಯಾಗಿದ್ದರೂ ನೇರವಾಗಿದೆ ಅನ್ನಿಸುತ್ತದೆ. ವೇಗ ಒಮ್ಮೆಗೇ ಹೆಚ್ಚಿದರೆ ಮೂತಿ ಮೇಲಕ್ಕೆದ್ದಂತೆ ಭಾಸವಾಗಿ ಪೈಲಟ್ ಅದನ್ನು ಕೆಳಕ್ಕೊತ್ತುವ ಅಪಾಯವಿದೆ. ಅನುಭವಿ ಪೈಲಟ್‌ಗಳನ್ನೂ ಈ ಭ್ರಮೆ ನುಂಗಿದೆ.

ಈ ಪ್ರತಿಯೊಂದನ್ನೂ ನೆಲದ ಮೇಲೆ ಬೇರೆಬೇರೆಯಾಗಿ ತೋರಿಸಬಹುದು. ಕೋಣೆಯಲ್ಲಿ ಆಮ್ಲಜನಕದ ಕೊರತೆ, ಗಿರಗಿರನೆ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಜಿ ಬಲ, ಸಿಮ್ಯುಲೇಟರಿನಲ್ಲಿ ದಿಕ್ಕಿನ ಭ್ರಮೆ. ಆದರೆ ನಿಜವಾದ ಸಾರ್ಟಿಯಲ್ಲಿ, ಅಂದರೆ ಒಂದು ಸುತ್ತಿನ ಹಾರಾಟದಲ್ಲಿ, ಇವೆಲ್ಲ ಒಟ್ಟಿಗೇ ಎರಗುತ್ತವೆ. ಬೇಸಿಗೆಯಲ್ಲಿ ಮುಚ್ಚಿದ ಗಾಜಿನ ಕೆಳಗೆ ರನ್‌ವೇ ತುದಿಯಲ್ಲಿ ಕಾಯುವಾಗಿನ ಬೆವರು, ಮುಖವಾಡದ ಬಿಗಿತ, ಕಿವಿಯಲ್ಲಿ ಏಕಕಾಲಕ್ಕೆ ಮೂರು ದನಿ, ಕುತ್ತಿಗೆ ಹೊರಳಿಸಿ ಹಿಂದೆ ನೋಡಬೇಕಾದ ಗಳಿಗೆಯಲ್ಲೇ ಬೀಳುವ ಜಿ ಬಲ, ಇಳಿಯುವಾಗ ಇಂಧನದ ಚಿಂತೆ. ತಪ್ಪಿದರೆ ನಿಲ್ಲಿಸುವ ಗುಂಡಿ ಅಲ್ಲಿ ಇಲ್ಲ. ನೀರಿಗಿಳಿಯದೆ ಈಜು ಬಾರದು ಎನ್ನುವುದು ಈ ವೈದ್ಯರಿಗೂ ಸಲ್ಲುತ್ತದೆ. ಬೆನ್ನು ನೋವೆಂದು ಬಂದ ಪೈಲಟ್ ಯಾವ ಸೀಟಿನಲ್ಲಿ, ಯಾವ ಭಂಗಿಯಲ್ಲಿ, ಎಷ್ಟು ಹೊತ್ತು ಕುಳಿತಿದ್ದರೆಂದು ತಮ್ಮ ಬೆನ್ನಿನಿಂದಲೇ ಬಲ್ಲ ವೈದ್ಯರು ಕೇಳುವ ಪ್ರಶ್ನೆಗಳೇ ಬೇರೆ.

ನಂಬಿಕೆಯ ಲೆಕ್ಕ

ಹಾರಾಟಕ್ಕೆ ಇನ್ನೊಂದು ಕಾರಣವಿದೆ. ಅದು ಶರೀರಕ್ಕಿಂತ ಮನಸ್ಸಿಗೆ ಸೇರಿದ್ದು. ಪೈಲಟ್‌ಗೆ ವೈದ್ಯರೆಂದರೆ ಒಳಗೊಳಗೇ ಹೆದರಿಕೆ. ಒಂದು ಸಹಿಯಿಂದ ಹಾರಾಟ ನಿಲ್ಲಬಹುದು. ಹಾರಾಟ ನಿಂತರೆ ಬಡ್ತಿ, ಭತ್ಯೆ, ಗೌರವ ಎಲ್ಲಕ್ಕೂ ಪೆಟ್ಟು. ಹಾಗಾಗಿ ತಲೆನೋವು, ನಿದ್ರಾಹೀನತೆ, ಮನಸ್ಸಿನ ಕುಗ್ಗುವಿಕೆಗಳನ್ನು ಮುಚ್ಚಿಡುವವರು ಬಹಳ. ಅಮೆರಿಕದ ಪೈಲಟ್‌ಗಳ ನಡುವೆ ನಡೆದು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಹಾರಾಟದ ಅರ್ಹತೆ ಕೈತಪ್ಪೀತೆಂಬ ಭಯದಿಂದ ವೈದ್ಯರ ಬಳಿ ಹೋಗದೆ ಉಳಿದದ್ದೋ ವಿಷಯ ಮರೆಮಾಚಿದ್ದೋ ಉಂಟೆಂದು ಒಪ್ಪಿಕೊಂಡಿದ್ದರು.

ಈ ಗೋಡೆಯನ್ನು ಒಡೆಯುವುದು ನಿಯಮಗಳಿಂದ ಆಗುವ ಕೆಲಸವಲ್ಲ. ತಮ್ಮ ಜೊತೆ ಮುಂಜಾನೆ ಬ್ರೀಫಿಂಗಿಗೆ ಬಂದು, ಅದೇ ಸೂಟ್ ತೊಟ್ಟು, ಹಿಂದಿನ ಸೀಟಿನಲ್ಲಿ ಕುಳಿತು, ವಾಂತಿ ಬಂದರೂ ತಡೆದುಕೊಂಡು ಇಳಿದು, ಕ್ರ್ಯೂ ರೂಮಿನಲ್ಲಿ ಚಹಾ ಕುಡಿಯುವ ವೈದ್ಯರನ್ನು ಪೈಲಟ್‌ಗಳು ತಮ್ಮವರೆಂದು ನಂಬುತ್ತಾರೆ. ಆಗ “ಡಾಕ್ಟರ್, ಎರಡು ವಾರದಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ” ಎಂಬ ಮಾತು ಹೊರಬೀಳುತ್ತದೆ. ಆ ಒಂದು ಮಾತು ಸಕಾಲದಲ್ಲಿ ಬಂದರೆ ಒಂದು ವಿಮಾನವೂ ಒಂದು ಜೀವವೂ ಉಳಿಯಬಹುದು.

ಅಮೆರಿಕದ ಮೂರು ದಾರಿ

ಈ ತಿಳಿವನ್ನು ವ್ಯವಸ್ಥೆಯಾಗಿ ಕಟ್ಟಿದವರಲ್ಲಿ ಅಮೆರಿಕ ಮುಂದಿದೆ. ಅಲ್ಲಿನ ಮೂರು ಪಡೆಗಳದು ಮೂರು ಬಗೆ.

ನೌಕಾಪಡೆಯ ವೈದ್ಯರು ಫ್ಲೋರಿಡಾದ ಪೆನ್ಸಕೋಲಾದಲ್ಲಿರುವ ನೌಕಾ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಸುಮಾರು ಆರು ತಿಂಗಳು ಕಲಿಯುತ್ತಾರೆ. ಇದರಲ್ಲಿ ವೈದ್ಯಕೀಯ ಪಾಠಗಳಷ್ಟೇ ಇಲ್ಲ. ಪೈಲಟ್ ಆಗಲು ಬಂದವರ ಜೊತೆಗೇ ಕುಳಿತು ವಾಯುಚಲನೆ, ಎಂಜಿನ್, ಹವಾಮಾನ, ದಿಕ್ಸೂಚನೆ ಓದುತ್ತಾರೆ. ನೀರಿಗೆ ಬಿದ್ದ ವಿಮಾನದಿಂದ ಪಾರಾಗುವ ಅಭ್ಯಾಸ ಮಾಡುತ್ತಾರೆ. ತರಬೇತಿ ವಿಮಾನದ ಕೋಲನ್ನು ತಾವೇ ಹಿಡಿಯುತ್ತಾರೆ. ನಂತರ ಎದೆಗೆ ಫ್ಲೈಟ್ ಸರ್ಜನ್‌ನ ಚಿನ್ನದ ರೆಕ್ಕೆಯ ಲಾಂಛನ. ಅಮೆರಿಕದ ಮರೀನ್ ದಳಕ್ಕೆ ಸ್ವಂತ ವೈದ್ಯರಿಲ್ಲ. ಅವರ ಸ್ಕ್ವಾಡ್ರನ್‌ಗಳನ್ನು ಕಾಯುವವರೂ ಈ ನೌಕಾವೈದ್ಯರೇ.

ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಶಾಲೆ ದಶಕಗಳ ಕಾಲ ಟೆಕ್ಸಾಸಿನಲ್ಲಿದ್ದು, 2011ರಲ್ಲಿ ಒಹಾಯೋದ ರೈಟ್-ಪ್ಯಾಟರ್ಸನ್ ನೆಲೆಗೆ ಬಂತು. ಭೂಸೇನೆಯ ಶಾಲೆ ಅಲಬಾಮಾದ ಫೋರ್ಟ್ ರಕರ್‌ನಲ್ಲಿದೆ. ಅಲ್ಲಿ ಒತ್ತು ಹೆಲಿಕಾಪ್ಟರಿನ ಮೇಲೆ. ಎರಡೂ ಕಡೆ ಮೊದಲ ಹಂತದ ತರಬೇತಿ ನೌಕಾಪಡೆಯದಕ್ಕಿಂತ ಚಿಕ್ಕದು. ಆದರೆ ತರಬೇತಿ ಮುಗಿಸಿ ನೆಲೆಗೆ ಹೋದ ಮೇಲೂ ಹಾರಾಟ ನಿಲ್ಲುವುದಿಲ್ಲ. ಹಾರಾಟದ ಭತ್ಯೆಗೆ ಸಾಮಾನ್ಯ ಅಳತೆ ತಿಂಗಳಿಗೆ 4 ಗಂಟೆ. ಗಂಟೆಗಳ ಲೆಕ್ಕಕ್ಕಿಂತ ಮುಖ್ಯವಾದದ್ದು ಅದರ ಹಿಂದಿನ ತತ್ವ. ಹಾರುವುದು ವೈದ್ಯರ ಇಚ್ಛೆಗೆ ಬಿಟ್ಟದ್ದಲ್ಲ, ಅವರ ಕರ್ತವ್ಯದ ಪಟ್ಟಿಯಲ್ಲೇ ಬರೆದದ್ದು ಎಂಬ ತತ್ವ.

ಇದಕ್ಕೂ ಮೇಲಿನ ಮೆಟ್ಟಿಲು ಪೈಲಟ್-ವೈದ್ಯರದು. ಎರಡೂ ವಿದ್ಯೆಯಲ್ಲಿ ಪೂರ್ಣ ಅರ್ಹತೆ ಪಡೆದ ಇವರು ಎಣಿಕೆಯಲ್ಲಿ ಕೆಲವೇ ಮಂದಿ. ನೌಕಾಪಡೆಯ ವೈದ್ಯ ಜೋಸೆಫ್ ಕೆರ್ವಿನ್ 1962ರಲ್ಲಿ ಪೈಲಟ್ ರೆಕ್ಕೆ ಪಡೆದು, 1973ರಲ್ಲಿ ಸ್ಕೈಲ್ಯಾಬ್ ನಿಲ್ದಾಣಕ್ಕೆ ಹೋದ ಮೊದಲ ತಂಡದಲ್ಲಿದ್ದರು. ಅಂತರಿಕ್ಷಕ್ಕೆ ಹೋದ ಮೊದಲ ಅಮೆರಿಕನ್ ವೈದ್ಯರು ಅವರೇ. 2003ರ ಫೆಬ್ರುವರಿ 1ರಂದು ಕೊಲಂಬಿಯಾ ನೌಕೆ ಒಡೆದಾಗ ಕಲ್ಪನಾ ಚಾವ್ಲಾ ಜೊತೆ ಪ್ರಾಣ ಬಿಟ್ಟವರಲ್ಲಿ ಇಬ್ಬರು ನೌಕಾಪಡೆಯ ಫ್ಲೈಟ್ ಸರ್ಜನ್‌ಗಳು: ಲಾರೆಲ್ ಕ್ಲಾರ್ಕ್ ಮತ್ತು ಡೇವಿಡ್ ಬ್ರೌನ್. ಬ್ರೌನ್ ವೈದ್ಯರಾಗಿ ಸೇರಿ, ಆಮೇಲೆ ಪೈಲಟ್ ತರಬೇತಿಗೆ ಆಯ್ಕೆಯಾಗಿ, 1990ರಲ್ಲಿ ರೆಕ್ಕೆ ಗಳಿಸಿದವರು. ಕಲ್ಪನಾ ಅವರನ್ನು ನೆನೆಯುವ ನಾವು ಆ ಇಬ್ಬರು ವೈದ್ಯರನ್ನೂ ನೆನೆಯಬೇಕು.

ಬ್ರಿಟನ್ನಿನ ದಾರಿ ಸ್ವಲ್ಪ ಬೇರೆ. ಫಾರ್ನ್‌ಬರೋದಲ್ಲಿ 1945ರಲ್ಲಿ ನಿಂತ ವೈಮಾನಿಕ ವೈದ್ಯಕೀಯ ಸಂಸ್ಥೆ ಸಂಶೋಧನೆಗೆ ಹೆಸರಾಯಿತು. 1955ರಲ್ಲಿ ಅಲ್ಲಿ ತಿರುಗತೊಡಗಿದ ಸೆಂಟ್ರಿಫ್ಯೂಜ್ ಆರು ದಶಕಕ್ಕೂ ಹೆಚ್ಚು ಕಾಲ ದುಡಿಯಿತು. ಈಗ ಆ ಕೆಲಸ ಕ್ರ್ಯಾನ್‌ವೆಲ್‌ನ ಹೊಸ ಯಂತ್ರದ್ದು. ವಾಯುಪಡೆಯ ವೈಮಾನಿಕ ವೈದ್ಯಕೀಯ ಕೇಂದ್ರ ಲಂಡನ್ನಿನ ಕಿಂಗ್ಸ್ ಕಾಲೇಜಿನ ಜೊತೆ ಸೇರಿ ಡಿಪ್ಲೊಮಾ ನಡೆಸುತ್ತ ಬಂದಿದೆ. ವಿಶ್ವವಿದ್ಯಾಲಯದ ಶಿಸ್ತು ಮತ್ತು ಸೇನೆಯ ಅನುಭವ ಒಂದೆಡೆ ಕೂಡಿದ್ದು ಅಲ್ಲಿನ ಬಲ.

ವಿಮಾನಪುರದ ವಿದ್ಯೆ

ಭಾರತದ ಕತೆ ಬೆಂಗಳೂರಿನದೇ. 1957ರ ಮೇ 29ರಂದು ಇಲ್ಲಿ ವೈಮಾನಿಕ ವೈದ್ಯಕೀಯ ಶಾಲೆ ಆರಂಭವಾಯಿತು. ಎಚ್‌ಎಎಲ್ ವಿಮಾನ ನಿಲ್ದಾಣದ ನೆರೆಯಲ್ಲಿ ಬೆಳೆದ ಅದು ಇಂದು ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್. ಮೂರು ಪಡೆಗಳ ವೈದ್ಯರಿಗೂ ಪೈಲಟ್‌ಗಳಿಗೂ ಇದು ಗುರುಮನೆ. ಸೇನೆಗೆ ಸೇರಿದ ಎಂಬಿಬಿಎಸ್ ಪದವೀಧರರು ಇಲ್ಲಿ ಮೊದಲ ಹಂತದ ತರಬೇತಿ ಪಡೆದು ವಾಯುನೆಲೆಗಳಿಗೆ ಹೋಗುತ್ತಾರೆ. ಮುಂದೆ ತಜ್ಞರಾಗಬಯಸುವವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮೂರು ವರ್ಷದ ಏರೋಸ್ಪೇಸ್ ಮೆಡಿಸಿನ್ ಎಂಡಿ ಇದೆ. ಸೆಂಟ್ರಿಫ್ಯೂಜ್, ವಾಯುಭಾರ ಇಳಿಸುವ ಕೋಣೆ, ಹೊರಚಿಮ್ಮುವ ಸೀಟಿನ ಅಭ್ಯಾಸಯಂತ್ರ, ದಿಕ್ಕುತಪ್ಪಿಸುವ ಸಿಮ್ಯುಲೇಟರ್ ಎಲ್ಲವೂ ಒಂದೇ ಆವರಣದಲ್ಲಿರುವುದು ಈ ಸಂಸ್ಥೆಯ ಹೆಚ್ಚುಗಾರಿಕೆ.

ರಾಕೇಶ್ ಶರ್ಮಾ ಮತ್ತು ರವೀಶ್ ಮಲ್ಹೋತ್ರಾ ಅವರನ್ನು ಅಂತರಿಕ್ಷಕ್ಕೆ ಆರಿಸುವಾಗ ಬೆಂಗಳೂರಿನಲ್ಲೇ ಹಲವು ಪರೀಕ್ಷೆಗಳು ನಡೆದವು. ಕೃತಕ ಬೆಳಕಿನ ಕೋಣೆಯೊಳಗೆ 72 ಗಂಟೆ ಕೂಡಿಹಾಕಿ ಅವರ ಮನೋಸ್ಥೈರ್ಯವನ್ನು ನೋಡಿದ್ದೂ ಅದರಲ್ಲಿ ಸೇರಿತ್ತು. 2019ರಲ್ಲಿ ಗಗನಯಾನಕ್ಕೆ ಪೈಲಟ್‌ಗಳ ಆಯ್ಕೆ ಆರಂಭವಾದದ್ದೂ ಇದೇ ಸಂಸ್ಥೆಯಲ್ಲಿ. ಹಾಗೆ ಆಯ್ಕೆಯಾದ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋಗಿ, ಜುಲೈ 15ರಂದು ಮರಳಿದರು. ಗಗನಯಾನದ ವೈದ್ಯರಿಗೆ ಫ್ರಾನ್ಸಿನಲ್ಲಿ ತರಬೇತಿ ಕೊಡಿಸಲು 2021ರ ಏಪ್ರಿಲ್‌ನಲ್ಲಿ ಅಲ್ಲಿನ ಅಂತರಿಕ್ಷ ಸಂಸ್ಥೆಯೊಡನೆ ಒಪ್ಪಂದವಾಯಿತು.

ಈ ವಿದ್ಯೆಯ ಭಾರತೀಯ ಸಾಧಕರಲ್ಲಿ ಏರ್ ಮಾರ್ಷಲ್ ಪದ್ಮಾ ಬಂದೋಪಾಧ್ಯಾಯ ಅವರ ಹೆಸರು ಮೊದಲು ಬರಬೇಕು. ವೈಮಾನಿಕ ವೈದ್ಯಕೀಯದಲ್ಲಿ ತಜ್ಞೆಯಾದ ಮೊದಲ ಭಾರತೀಯ ಮಹಿಳೆ ಅವರು. 1971ರ ಯುದ್ಧಕಾಲದ ಸೇವೆಗೆ ವಿಶಿಷ್ಟ ಸೇವಾ ಪದಕ ಪಡೆದರು, ಉತ್ತರ ಧ್ರುವದಲ್ಲಿ ಶರೀರವಿಜ್ಞಾನದ ಸಂಶೋಧನೆ ಮಾಡಿದರು, ಭಾರತೀಯ ವಾಯುಪಡೆಯ ಮೊದಲ ಮಹಿಳಾ ಏರ್ ಮಾರ್ಷಲ್ ಆದರು.

ನೆಲದ ತರಬೇತಿಯ ಮಟ್ಟಿಗೆ ಭಾರತ ಯಾರಿಗೂ ಕಡಿಮೆಯಿಲ್ಲ. ಇನ್ನು ಗಗನದ ಅವಕಾಶ. ನಮ್ಮ ವಾಯುಪಡೆಯ ಬೆನ್ನೆಲುಬಾದ ಸುಖೋಯ್-30 ಎಂಕೆಐ ಎರಡು ಸೀಟಿನ ವಿಮಾನ. ಕೊಂಡ 36 ರಫೇಲ್‌ಗಳಲ್ಲಿ 8 ಎರಡು ಸೀಟಿನವು. ಬೀದರ್ ನೆಲೆಯಲ್ಲಿ ಹಾಕ್ ತರಬೇತಿ ಜೆಟ್‌ಗಳಿವೆ. ತೇಜಸ್‌ನಲ್ಲೂ ಎರಡು ಸೀಟಿನ ಮಾದರಿಯಿದೆ. ಸಾಗಣೆ ವಿಮಾನಗಳಲ್ಲಿ, ಹೆಲಿಕಾಪ್ಟರುಗಳಲ್ಲಿ ಸ್ಥಳದ ಕೊರತೆಯೇ ಇಲ್ಲ. 2006ರಲ್ಲಿ ಪುಣೆಯಲ್ಲಿ ಅಬ್ದುಲ್ ಕಲಾಂ ಸುಖೋಯ್ ಏರಿದರು. ಪ್ರತಿಭಾ ಪಾಟೀಲ್, ದ್ರೌಪದಿ ಮುರ್ಮು ಕೂಡ ಏರಿದರು. 2019ರಲ್ಲಿ ರಕ್ಷಣಾ ಸಚಿವರು, 2023ರಲ್ಲಿ ಪ್ರಧಾನಿ ತೇಜಸ್‌ನಲ್ಲಿ ಹಾರಿದ್ದು ಇದೇ ಬೆಂಗಳೂರಿನಿಂದ. ಆ ಹಾರಾಟಗಳು ದೇಶಕ್ಕೆ ಹೆಮ್ಮೆ ತಂದವು. ಎರಡನೆಯ ಸೀಟಿನಲ್ಲಿ ಪೈಲಟ್ ಅಲ್ಲದವರನ್ನು ಸುರಕ್ಷಿತವಾಗಿ ಕರೆದೊಯ್ಯುವ ಕ್ರಮ ನಮ್ಮಲ್ಲಿ ಗಟ್ಟಿಯಾಗಿದೆ ಎಂಬುದನ್ನೂ ಅವು ತೋರಿಸಿದವು. ಅದೇ ಸೀಟು ಆ ಸ್ಕ್ವಾಡ್ರನ್ನನ್ನು ಕಾಯುವ ವೈದ್ಯರಿಗೆ ನಿಯಮಿತವಾಗಿ ಸಿಗುವಂತಾಗಬೇಕು.

ಒಂದೇ ಸೀಟಿನ ಸವಾಲು

ಮುಂದಿನ ದಿನಗಳ ಕಷ್ಟ ಬೇರೆಯೇ ಇದೆ. ಅಮೆರಿಕದ ಎಫ್-22 ಮತ್ತು ಎಫ್-35 ವಿಮಾನಗಳಿಗೆ ಎರಡು ಸೀಟಿನ ಮಾದರಿಯೇ ಇಲ್ಲ. ವೈದ್ಯರು ಹಿಂದೆ ಕೂತು ನೋಡುವ ದಾರಿ ಅಲ್ಲಿ ಮುಚ್ಚಿದೆ. ಇದರ ಬೆಲೆ ಎಷ್ಟೆಂದು ಎಫ್-22 ಪ್ರಕರಣ ಕಲಿಸಿತು.

ಆ ವಿಮಾನದ ಪೈಲಟ್‌ಗಳಿಗೆ ಹಾರಾಟದಲ್ಲಿ ತಲೆಸುತ್ತು, ಗೊಂದಲ, ಉಸಿರಾಟದ ತೊಂದರೆ ಕಾಣಿಸತೊಡಗಿತು. ಇಳಿದ ಮೇಲೂ ಕೆಮ್ಮು ಕಾಡಿತು. 2011ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಇಡೀ ಪಡೆಯ ಎಫ್-22ಗಳನ್ನು ನೆಲಕ್ಕಿಳಿಸಲಾಯಿತು. ಗಾಳಿಯಲ್ಲಿ ವಿಷ ಸೇರಿದೆಯೇ ಎಂದು ಹುಡುಕಿದರು, ಸೋಸಲು ಇದ್ದಿಲಿನ ಫಿಲ್ಟರ್ ಸೇರಿಸಿದರು. ಆ ಫಿಲ್ಟರ್ ಉಸಿರನ್ನು ಇನ್ನಷ್ಟು ಕಷ್ಟ ಮಾಡಿತು. 2012ರಲ್ಲಿ ಸಿಕ್ಕ ಮುಖ್ಯ ಕಾರಣಗಳಲ್ಲೊಂದು, ಪೈಲಟ್ ತೊಡುತ್ತಿದ್ದ ಒತ್ತಡದ ಮೇಲಂಗಿಯ ಕವಾಟ. ಬೇಡದ ಹೊತ್ತಿನಲ್ಲೂ ಉಬ್ಬುತ್ತಿದ್ದ ಆ ಅಂಗಿ ಎದೆಯನ್ನು ಅಮುಕಿ, ಪೂರ್ಣ ಉಸಿರು ತೆಗೆಯಲು ಬಿಡುತ್ತಿರಲಿಲ್ಲ. ತಾವೇ ಎಫ್-22 ಹಾರಿಸುತ್ತಿದ್ದ ಪೈಲಟ್-ವೈದ್ಯರೂ ಈ ಶೋಧದಲ್ಲಿ ದನಿಗೂಡಿಸಿದರು. ಶರೀರವಿಜ್ಞಾನ ಬಲ್ಲವರೂ ಆ ಅಂಗಿ ತೊಟ್ಟು ಹಾರಿದವರೂ ಒಬ್ಬರೇ ಆಗಿದ್ದರೆ ಎಷ್ಟು ಪ್ರಯೋಜನವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಭಾರತಕ್ಕೂ ಈ ದಿನ ಬರಲಿದೆ. ಬೆಂಗಳೂರಿನಲ್ಲಿ ವಿನ್ಯಾಸವಾಗುತ್ತಿರುವ ಎಎಂಸಿಎ ಒಂದೇ ಸೀಟಿನ ಯುದ್ಧವಿಮಾನ. ತೇಜಸ್‌ಗಾಗಿ ಡಿಆರ್‌ಡಿಒದ ಬೆಂಗಳೂರು ಪ್ರಯೋಗಾಲಯ ಡೆಬೆಲ್ ರೂಪಿಸಿದ, ವಿಮಾನದಲ್ಲೇ ಆಮ್ಲಜನಕ ತಯಾರಿಸುವ ಜೀವರಕ್ಷಕ ವ್ಯವಸ್ಥೆಯನ್ನು 2025ರ ಮಾರ್ಚ್ 4ರಂದು 50,000 ಅಡಿವರೆಗಿನ ಎತ್ತರದಲ್ಲಿ ಪರೀಕ್ಷಿಸಲಾಯಿತು. ಉಸಿರಿನ ಉಪಕರಣಗಳನ್ನು ನಾವೇ ತಯಾರಿಸುವ ದೇಶವಾದ ಮೇಲೆ, ಅವುಗಳನ್ನು ತೊಟ್ಟು ಹಾರಿ ತೀರ್ಪು ಹೇಳಬಲ್ಲ ವೈದ್ಯರೂ ನಮ್ಮವರೇ ಆಗಬೇಕು.

ಎದುರು ವಾದಗಳು

ಹಾರಾಟ ಬೇಡವೆನ್ನುವವರ ಮಾತನ್ನು ಗೌರವದಿಂದ ಕೇಳಬೇಕು. ಮೊದಲನೆಯದು ಖರ್ಚು. ಯುದ್ಧವಿಮಾನದ ಒಂದೊಂದು ಗಂಟೆಯೂ ದುಬಾರಿ, ಆ ಗಂಟೆ ಪೈಲಟ್‌ಗಳಿಗೇ ಸಾಲದು. ಇದು ನಿಜ. ಆದರೆ ಎರಡು ಸೀಟಿನ ವಿಮಾನ ಹೇಗೂ ಹಾರುವ ಸಾರ್ಟಿಗಳಲ್ಲಿ ಹಿಂದಿನ ಸೀಟು ಖಾಲಿಯಿದ್ದಾಗ ವೈದ್ಯರನ್ನು ಕೂರಿಸಿದರೆ ಹೆಚ್ಚುವರಿ ಹೊರೆ ಅಲ್ಪ. ಜೊತೆಗೆ ಸಾಗಣೆ ವಿಮಾನ, ಹೆಲಿಕಾಪ್ಟರುಗಳ ಹಾರಾಟವೂ ಲೆಕ್ಕಕ್ಕೆ ಬರಬೇಕು. ರೋಗಿ ಸಾಗಣೆಯ ಪಾಠ ಸಿಗುವುದೇ ಅಲ್ಲಿ.

ಎರಡನೆಯದು ಅಪಾಯ. 2008ರ ಜುಲೈ 21ರಂದು ಗುವಾಮ್ ದ್ವೀಪದ ಬಳಿ ಬಿ-52 ಬಾಂಬರ್ ಸಮುದ್ರಕ್ಕೆ ಬಿದ್ದು ಸತ್ತ ಆರು ಮಂದಿಯಲ್ಲಿ ಒಬ್ಬರು ಫ್ಲೈಟ್ ಸರ್ಜನ್. ಇಂಥ ನಷ್ಟವನ್ನು ಹಗುರವಾಗಿ ಕಾಣಲಾಗದು. ಆದ್ದರಿಂದಲೇ ಹಾರಾಟ ಗುರಿಯಿಲ್ಲದ ಸುತ್ತಾಟವಾಗಬಾರದು. ಪ್ರತಿ ಸಾರ್ಟಿಗೂ ಏನನ್ನು ಗಮನಿಸಬೇಕು, ಏನನ್ನು ಬರೆದಿಡಬೇಕು ಎಂಬ ಸ್ಪಷ್ಟ ಉದ್ದೇಶವಿರಬೇಕು. ಪಾರಾಗುವ ತರಬೇತಿ ಪೂರ್ಣವಾಗಿರದೆ ಯಾರನ್ನೂ ಕಾಕ್‌ಪಿಟ್ಟಿಗೆ ಹತ್ತಿಸಬಾರದು.

ಮೂರನೆಯದು ನಿಷ್ಪಕ್ಷಪಾತ. ಪೈಲಟ್‌ಗಳ ಗೆಳೆಯನಾದ ವೈದ್ಯ ಅವರ ದೋಷವನ್ನು ಕಂಡೂ ಕಾಣದಂತಿದ್ದಾನು ಎಂಬ ಆತಂಕ. ಈ ಮಾತಿನಲ್ಲಿ ಸತ್ವವಿದೆ. ಅದಕ್ಕೆ ಮದ್ದು ದೂರವಿಡುವುದಲ್ಲ. ಕಠಿಣ ತೀರ್ಮಾನಗಳನ್ನು ಸ್ಕ್ವಾಡ್ರನ್ನಿನ ಹೊರಗಿನ ವೈದ್ಯಮಂಡಳಿ ಪರಿಶೀಲಿಸುವ ಕ್ರಮ. ಹತ್ತಿರವಿದ್ದವರು ಬೇಗ ಕಾಣುತ್ತಾರೆ, ದೂರವಿದ್ದವರು ನಿರ್ಭಯವಾಗಿ ತೀರ್ಮಾನಿಸುತ್ತಾರೆ. ಇಬ್ಬರೂ ಬೇಕು.

ನಾಲ್ಕನೆಯದು, ಹಾರುತ್ತಿದ್ದರೆ ವೈದ್ಯಕೀಯ ಕೈಚಳಕ ಮಂಕಾಗುತ್ತದೆ ಎಂಬುದು. ಆರೋಗ್ಯವಂತ ಯುವಕರನ್ನೇ ವರ್ಷಗಟ್ಟಲೆ ನೋಡುವ ವೈದ್ಯರಿಗೆ ಈ ತೊಂದರೆ ಹಾರಿದರೂ ಇದೆ, ಹಾರದಿದ್ದರೂ ಇದೆ. ಸೇನಾ ಆಸ್ಪತ್ರೆಗಳಲ್ಲಿ ನಿಗದಿತ ಅವಧಿಯ ಕೆಲಸ ಕೊಟ್ಟರೆ ಅದು ನೀಗುತ್ತದೆ.

ಆಗಬೇಕಾದದ್ದು

ಇಷ್ಟನ್ನು ತೂಗಿ ನೋಡಿದರೆ ನಾಲ್ಕು ಹೆಜ್ಜೆಗಳು ಸ್ಪಷ್ಟವಾಗುತ್ತವೆ. ವಾಯುನೆಲೆಯಲ್ಲಿರುವ ಪ್ರತಿ ವೈಮಾನಿಕ ವೈದ್ಯರ ಕರ್ತವ್ಯದಲ್ಲಿ ತಿಂಗಳ ಕನಿಷ್ಠ ಹಾರಾಟದ ಗಂಟೆಗಳು ಖಚಿತವಾಗಿರಬೇಕು. ಕಮಾಂಡರ್‌ನ ಔದಾರ್ಯಕ್ಕೆ ಬಿಟ್ಟಿರಬಾರದು. ಪೆನ್ಸಕೋಲಾದ ಮಾದರಿಯಲ್ಲಿ ಮೊದಲ ತರಬೇತಿಯಲ್ಲೇ ಪೈಲಟ್ ವಿದ್ಯಾರ್ಥಿಗಳ ಜೊತೆಗಿನ ಓದು ಮತ್ತು ತರಬೇತಿ ವಿಮಾನದ ಕೆಲವು ಪಾಠಗಳು ಸೇರಬೇಕು. ಪ್ರತಿ ಹಾರಾಟದ ನಂತರ ವೈದ್ಯರು ಬರೆದ ಟಿಪ್ಪಣಿಗಳು ವಿಮಾನಪುರದ ಸಂಸ್ಥೆಗೆ ಹೋಗಿ, ಅಲ್ಲಿಂದ ಎಚ್‌ಎಎಲ್ ಮತ್ತು ಡಿಆರ್‌ಡಿಒ ವಿನ್ಯಾಸಕಾರರ ಮೇಜಿಗೆ ತಲುಪಬೇಕು. ಕೊನೆಯದಾಗಿ, ಒಂದೇ ಸೀಟಿನ ವಿಮಾನಗಳ ಕಾಲಕ್ಕೆ ಸಿದ್ಧವಾಗಲು ಬೆರಳೆಣಿಕೆಯ ವೈದ್ಯರಿಗಾದರೂ ಪೂರ್ಣ ಪೈಲಟ್ ತರಬೇತಿ ಕೊಡಬೇಕು.

ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಓದುತ್ತಿರುವವರಿಗೂ ಒಂದು ಮಾತು. ಎಂಬಿಬಿಎಸ್ ಮುಗಿದ ಮೇಲೆ ಸೇನಾ ವೈದ್ಯಕೀಯ ಸೇವೆಯಲ್ಲಿ ಅಲ್ಪಾವಧಿ ನೇಮಕದ ಬಾಗಿಲು ತೆರೆದಿರುತ್ತದೆ. ನಮ್ಮದೇ ರಾಜ್ಯದ ವಿಶ್ವವಿದ್ಯಾಲಯ ಕೊಡುವ ಏರೋಸ್ಪೇಸ್ ಮೆಡಿಸಿನ್ ಪದವಿಯ ಬಗ್ಗೆ ಎಷ್ಟೋ ವಿದ್ಯಾರ್ಥಿಗಳು ಕೇಳಿಯೇ ಇಲ್ಲ. ಗಗನಯಾನವೂ ಹೊಸ ಯುದ್ಧವಿಮಾನಗಳೂ ಬೆಂಗಳೂರಿನಲ್ಲೇ ರೂಪುಗೊಳ್ಳುತ್ತಿರುವ ಈ ಹೊತ್ತಿನಲ್ಲಿ ಈ ವಿದ್ಯೆಗೆ ಒಳ್ಳೆಯ ತಲೆಗಳು, ಗಟ್ಟಿ ಹೊಟ್ಟೆಗಳು, ಹೆದರದ ಮನಸ್ಸುಗಳು ಬೇಕಾಗಿವೆ. ನೀವು ಬನ್ನಿ. ನೀವು ಬಂದಾಗ ನಿಮಗೆ ಸ್ಟೆತಾಸ್ಕೋಪಿನ ಜೊತೆಗೆ ಕಾಕ್‌ಪಿಟ್ಟಿನಲ್ಲಿ ಒಂದು ಸೀಟನ್ನೂ ಕೊಡುವುದು ದೇಶದ ಹೊಣೆ.